ಬೇಗಂಪೇಟೆಯ ಪೈಗಾ ಮನೆತನ

ಹೈದರಾಬಾದಿನ ಬೇಗಂಪೇಟೆಯಲ್ಲಿರುವ ಪೈಗಾ ಅರಮನೆಯನ್ನು ಕಟ್ಟಿಸಿದವರು ವಿಕಾರ್-ಉಲ್-ಉಮ್ರಾ. ನಿಜಾಮರಿಗಾಗಿ ಸೈನ್ಯ ಸಾಕುವ ಹೊಣೆಗೆ ಪ್ರತಿಯಾಗಿ ಪೈಗಾ ಮನೆತನಕ್ಕೆ ವಿಶಾಲ ಜಹಗೀರುಗಳು ದೊರೆತಿದ್ದವು. ಆದರೆ ಅದರ ನಿಜವಾದ ಬಲವಿದ್ದದ್ದು ಬೀಗತನದಲ್ಲಿ: ನಿಜಾಮರ ಹೆಣ್ಣುಮಕ್ಕಳು ಈ ಮನೆಗೆ ಸೊಸೆಯರಾಗಿ ಬಂದರು. ದಿವಾನಗಿರಿಯೂ ಮನೆತನದೊಳಗೇ ಸುತ್ತಿತು. 1887ರಲ್ಲಿ ಆಸ್ಮಾನ್ ಜಾ ದಿವಾನರಾದರು, ಅವರ ನಂತರ ವಿಕಾರ್ 1901ರವರೆಗೆ ಆ ಹುದ್ದೆಯಲ್ಲಿದ್ದರು.

ಕನ್ನಡ ನಾಡಿನ ಚಿಟಗುಪ್ಪ, ಆಳಂದಗಳೂ ಪೈಗಾ ತಾಲ್ಲೂಕುಗಳೇ ಆಗಿದ್ದವು. ಅಲ್ಲಿ ಕಂದಾಯ ವಸೂಲಿಯ ಜೊತೆಗೆ ಪೊಲೀಸು, ನ್ಯಾಯಾಲಯಗಳೂ ಜಹಗೀರಿನ ಕೈಯಲ್ಲಿದ್ದವು. ರೈತನ ಅಳಲು ಕೇಳಬೇಕಾದವರು ಅವನಿಂದ ಕಂದಾಯ ಎತ್ತುವವರೇ ಆಗಿದ್ದುದು ಘೋರ ಅನ್ಯಾಯ. ಆ ಅಳಲನ್ನು ಬಹಿರಂಗವಾಗಿ ಹೇಳಿಕೊಳ್ಳುವುದೂ ಕಷ್ಟವಾಯಿತು: ಮುಂದೆ ಗಶ್ತಿ ನಂ. 53 ಎಂಬ ಸುತ್ತೋಲೆಯಿಂದಾಗಿ ನಿಜಾಮರ ಸಂಸ್ಥಾನದಲ್ಲಿ ಸಾರ್ವಜನಿಕ ಸಭೆಗೂ ಸರ್ಕಾರದ ಪೂರ್ವಾನುಮತಿ ಬೇಕಾಯಿತು. ಜಹಗೀರುಗಳು ರದ್ದಾದದ್ದು 1949ರಲ್ಲಿ.