ಪಿಕಳಾರವೆಂಬ ಹಕ್ಕಿಯ ನಿರ್ಣಯ

ಕನ್ನಡದ ಪಕ್ಷಿನಾಮಗಳಲ್ಲಿ 'ಪಿಕಳಾರ' ಎಂಬುದು ವಿದ್ವಾಂಸರಿಗೂ ಭ್ರಾಂತಿಯನ್ನುಂಟುಮಾಡತಕ್ಕ ಪದವಾಗಿದೆ. ಅದರ ಆದಿಯಲ್ಲಿ 'ಪಿಕ' ಎಂಬ ಸಂಸ್ಕೃತ ಶಬ್ದವು ತೋರುವುದರಿಂದ, ಇದು ಕೋಗಿಲೆಯದೇ ಒಂದು ಭೇದವೆಂದು ತಿಳಿಯುವುದು ಸುಲಭ. ಹಕ್ಕಿಯನ್ನು ಕಂಡು ಪರೀಕ್ಷಿಸಿದಲ್ಲಿ ಈ ಅರ್ಥವು ನಿಲ್ಲಲಾರದು.

ಅಮರಕೋಶವು ಪಿಕ, ಪರಭೃತ ಎಂಬಿವನ್ನು ಕೋಕಿಲದ ಪರ್ಯಾಯಗಳಾಗಿ ಹೇಳಿದೆ. ಪರಭೃತವೆಂದರೆ ಅನ್ಯರಿಂದ ಪೋಷಿತವಾದುದು. ಕೋಗಿಲೆಯು ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುವುದೇ ಈ ಹೆಸರಿಗೆ ಕಾರಣ. ಪಿಕಳಾರವಾದರೋ ಪೊದೆಯಲ್ಲಿ ಬಟ್ಟಲಿನಾಕಾರದ ಗೂಡನ್ನು ಕಟ್ಟಿ, ತನ್ನ ಮರಿಗಳನ್ನು ತಾನೇ ಸಾಕುತ್ತದೆ. ಗಂಡುಕೋಗಿಲೆಯ ಮೈಯೆಲ್ಲ ಕಪ್ಪು, ತಲೆಯಲ್ಲಿ ಜುಟ್ಟಿಲ್ಲ. ಪಿಕಳಾರಕ್ಕೆ ಜುಟ್ಟೇ ಮುಖ್ಯ ಲಕ್ಷಣ. ತೆಲುಗಿನಲ್ಲಿ ಇದೇ ಹಕ್ಕಿಗೆ 'ಪಿಗಿಲಿ ಪಿಟ್ಟ' ಎಂಬ ಹೆಸರಿರುವುದನ್ನು ನೋಡಿದರೆ, ಪಿಕಳಾರವು ದೇಶ್ಯಪದವೆಂದು ಊಹಿಸುವುದೇ ಯುಕ್ತವಾಗಿದೆ.

1947ರವರೆಗೆ ಕಡೂರು ಜಿಲ್ಲೆಯೆನಿಸಿದ್ದ ಈಗಿನ ಚಿಕ್ಕಮಗಳೂರು ಜಿಲ್ಲೆಯಲ್ಲಿ ಪಿಕಳಾರದ ಎರಡು ಪ್ರಭೇದಗಳನ್ನು ಹೋಲಿಸಿ ನೋಡಬಹುದು. ಕಡೂರು, ಅಜ್ಜಂಪುರಗಳ ಬಯಲಿನ ಕುರುಚಲು ಗಿಡಗಳಲ್ಲಿ ಕಾಣುವುದು ಕೆಂಪು ಕಿಬ್ಬೊಟ್ಟೆಯ ಪಿಕಳಾರ. ಅದರ ತಲೆ ಕಪ್ಪು, ಜುಟ್ಟು ಗಿಡ್ಡ. ಹಾರುವಾಗ ಬಾಲದ ಬುಡದ ಮೇಲ್ಭಾಗ ಬೆಳ್ಳಗೆ ತೋರುತ್ತದೆ. ತರೀಕೆರೆಯಿಂದ ಬಾಬಾಬುಡನ್ ಶ್ರೇಣಿಯ ಕೆಮ್ಮಣ್ಣುಗುಂಡಿಗೆ ಏರಿದಂತೆ ಕಾಡಿನಂಚಿನಲ್ಲಿಯೂ ತೋಟಗಳಲ್ಲಿಯೂ ಕೆಮ್ಮೀಸೆ ಪಿಕಳಾರವು ಹೇರಳ. ಇದಕ್ಕೆ ನೀಳವಾದ ಚೂಪು ಜುಟ್ಟು, ಬಿಳಿಯ ಕೆನ್ನೆ, ಕಣ್ಣಿನ ಹಿಂದೆ ಕೆಂಪು ಮಚ್ಚೆ. ಬಾಲದ ಬುಡದ ಕೆಳಗೆ ಎರಡಕ್ಕೂ ಕೆಂಪಿರುವುದರಿಂದ ಅದೊಂದೇ ಗುರುತು ಸಾಲದು. ಕೆಮ್ಮೀಸೆಯ ಮರಿಗಳಿಗೆ ಕಣ್ಣಿನ ಹಿಂದಣ ಕೆಂಪೂ ಮೂಡಿರುವುದಿಲ್ಲ. ಆದಕಾರಣ ಜುಟ್ಟನ್ನೂ ಕೆನ್ನೆಯನ್ನೂ ಕೂಡಿಸಿಯೇ ನಿರ್ಣಯಿಸಬೇಕು.

ಹೆಸರಿನ ತೊಡಕು ಕನ್ನಡಕ್ಕೆ ಮಾತ್ರ ಬಂದುದಲ್ಲ. ಲಿನೇಯಸನು ಕೆಮ್ಮೀಸೆಯ ಹಕ್ಕಿಯನ್ನು 1758ರಲ್ಲಿ ಕಳಿಂಗ ಹಕ್ಕಿಗಳ ಗಣದಲ್ಲಿ ಸೇರಿಸಿದನು. 1766ರಲ್ಲಿ ಇನ್ನೊಂದಕ್ಕೆ ದಕ್ಷಿಣ ಆಫ್ರಿಕವನ್ನು ಸೂಚಿಸುವ 'ಕಾಫರ್' ಎಂಬ ಹೆಸರನ್ನಿಟ್ಟನು. ಆ ಹಕ್ಕಿ ಅಲ್ಲಿನ ಮೂಲವಾಸಿಯೇ ಅಲ್ಲ. ಗಣವು ಬದಲಾಯಿತು, ತಪ್ಪು ಹೆಸರು ಮಾತ್ರ ಇಂದಿಗೂ ಉಳಿದಿದೆ. ಪಾರಸಿ ಕಾವ್ಯದ 'ಬುಲ್‌ಬುಲ್' ಕೂಡ ಬೇರೊಂದು ಕುಲದ ಹಾಡುಹಕ್ಕಿ. ಆ ಹೆಸರು ಭಾರತದಲ್ಲಿ ಪಿಕಳಾರಕ್ಕೆ ಸಂದಿತು.

ಈ ವಿವೇಚನೆಯು ಸಾಹಿತ್ಯ ಬೋಧಕರಿಗೆ ಅವಶ್ಯವಾದುದು. 1904ರಲ್ಲಿ ಅಂದಿನ ಕಡೂರು ಜಿಲ್ಲೆಯ ಹಿರೇಕೊಡಿಗೆಯಲ್ಲಿ ಜನಿಸಿದ ಕುವೆಂಪು ಅವರ ಕೃತಿಗಳಲ್ಲಿ ಪಿಕಳಾರವೂ ಇದೆ, ಕೋಗಿಲೆಯೂ ಇದೆ. ಎರಡಕ್ಕೂ ಒಂದೇ ಅರ್ಥವನ್ನು ಹೇಳಿದರೆ ಕವಿಯು ಕಂಡ ಹಕ್ಕಿ ಒಂದು, ವಿದ್ಯಾರ್ಥಿಯು ಭಾವಿಸುವ ಹಕ್ಕಿ ಮತ್ತೊಂದು ಆಗುತ್ತದೆ. ಆದುದರಿಂದ ಪಿಕಳಾರಕ್ಕೆ 'ಜುಟ್ಟುಳ್ಳ, ತಾನೇ ಗೂಡುಕಟ್ಟುವ, ಕೋಗಿಲೆಯಿಂದ ಭಿನ್ನವಾದ ಹಾಡುಹಕ್ಕಿ' ಎಂದು ಅರ್ಥವನ್ನು ಬರೆಯುವುದು ಸಾಧುವಾಗಿದೆ.