ಸೋಮನಾಥದ ಕಡಲಂಚಿನಲ್ಲಿ ಹೊರ್ಮುಜಿನ ನಾವಿಕ: 1264ರ ವೆರಾವಳ ಶಾಸನ

ಪರದೇಶದ ಕರಾವಳಿಯಲ್ಲಿ ಒಂದು ತುಂಡು ನೆಲ ಹಿಡಿದು ಅಲ್ಲಿ ಕಟ್ಟಡ ಏಳಿಸಬೇಕು ಅಂದರೆ ಯಾರನ್ನು ಕೇಳಬೇಕು? ದೊರೆಯನ್ನು ಅಂತ ನಾವು ಥಟ್ಟನೆ ಹೇಳಿಬಿಡುತ್ತೇವೆ. ಪರದೇಶಿ ವರ್ತಕ ಬಂದ, ಕಾಣಿಕೆ ಒಪ್ಪಿಸಿದ, ಅರಸ ಅಪ್ಪಣೆ ಕೊಟ್ಟ ಎನ್ನುವ ಚಿತ್ರ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಸೌರಾಷ್ಟ್ರದ ವೆರಾವಳದಲ್ಲಿ ಸಿಕ್ಕಿರುವ ಒಂದು ಸಂಸ್ಕೃತ ಶಾಸನವನ್ನು ಸಾಲುಸಾಲಾಗಿ ಓದಿದರೆ ಈ ಚಿತ್ರ ಸಾಲುವುದಿಲ್ಲ ಅನಿಸುತ್ತದೆ. ಅದರಲ್ಲಿ ಅರಸನಿದ್ದಾನೆ, ಆದರೆ ಕಾಲ ಹೇಳುವುದಕ್ಕೆ ಮಾತ್ರ. ಕೆಲಸ ನಡೆದದ್ದು ಊರಿನವರ ನಡುವೆ.

ಊರು ಯಾವುದು ಅಂದರೆ ಸೋಮನಾಥ. ಕಟ್ಟಿದವನು ಪಾರಸಿ ಕೊಲ್ಲಿಯ ಹೊರ್ಮುಜ್ ಬಂದರಿನ ಹಡಗಿನೊಡೆಯ ನೂರುದ್ದೀನ್ ಫಿರೋಜ್. ಕಟ್ಟಿದ್ದು ಮಸೀದಿ. ಘಜನಿಯ ಮಹಮೂದ ಅದೇ ಊರಿನ ಗುಡಿಯನ್ನು ಒಡೆದು ಹೋಗಿ 238 ವರ್ಷ ಆಗಿತ್ತು. ಇಷ್ಟು ಹೇಳಿದರೆ ಸಾಕು, ಈ ಕಲ್ಲಿನ ಬಗ್ಗೆ ಯಾಕೆ ಇಷ್ಟು ಚರ್ಚೆ ಅಂತ ಓದುಗರಿಗೆ ತಿಳಿಯುತ್ತದೆ.

ಶಾಸನವನ್ನು ಮೊದಲು ಗಮನಕ್ಕೆ ತಂದವನು ಕರ್ನಲ್ ಜೇಮ್ಸ್ ಟಾಡ್. 1882ರಲ್ಲಿ ಹುಲ್ಶ್ ಅದನ್ನು ಇಂಡಿಯನ್ ಆಂಟಿಕ್ವೆರಿಯಲ್ಲಿ ಪ್ರಕಟಿಸಿದ. ಆಮೇಲೆ ಡಿ. ಸಿ. ಸರ್ಕಾರ್ ಎಪಿಗ್ರಾಫಿಯಾ ಇಂಡಿಕಾದಲ್ಲಿ ಪಾಠವನ್ನು ಪರಿಷ್ಕರಿಸಿದರು. ಇದಕ್ಕೊಂದು ಅರಬ್ಬಿ ಜೋಡಿಯೂ ಇದೆ. ಅದನ್ನು ಜಿಯಾವುದ್ದೀನ್ ದೇಸಾಯಿಯವರು ಸಂಪಾದಿಸಿದ್ದಾರೆ. ಅದರ ವಿಷಯ ಮುಂದೆ ಬರುತ್ತದೆ.

ಮೊದಲು ತೇದಿ ನೋಡೋಣ. ಸಂಸ್ಕೃತ ಪಾಠದಲ್ಲಿ ಒಂದಲ್ಲ, ನಾಲ್ಕು ಶಕೆಗಳಿವೆ: ರಸೂಲ್ ಮಹಮ್ಮದ್ ಸಂವತ್ 662, ವಿಕ್ರಮ ಸಂವತ್ 1320, ವಲಭೀ ಸಂವತ್ 945, ಸಿಂಹ ಸಂವತ್ 151, ಆಷಾಢ ಬಹುಳ 13, ರವಿವಾರ. ಲೆಕ್ಕ ಹಾಕಿದರೆ 1264ರ ಮೇ 25. ನಾಲ್ಕು ಪಂಚಾಂಗ ಯಾಕೆ ಬೇಕಿತ್ತು? ನಾಲ್ಕು ಬಗೆಯ ಜನ ಆ ಕರಾರನ್ನು ತಮ್ಮ ತಮ್ಮ ಲೆಕ್ಕದಲ್ಲಿ ಓದಿಕೊಳ್ಳಬೇಕಾಗಿತ್ತು ಎನ್ನುವುದು ನನಗೆ ತೋಚುವ ಉತ್ತರ. ನಾವಿಕನ ಲೆಕ್ಕವೇ ಬೇರೆ, ಪಾಟಣದ ಅರಮನೆಯ ಕರಣಿಕನ ಲೆಕ್ಕವೇ ಬೇರೆ, ಸೌರಾಷ್ಟ್ರದ ಹಳಬರ ಲೆಕ್ಕ ಮತ್ತೊಂದು. ಅವತ್ತಿನ ಈ ಎಚ್ಚರಿಕೆಯಿಂದ ಇವತ್ತು ನಮಗೆ ದೊಡ್ಡ ಉಪಕಾರ ಆಗಿದೆ. ವಲಭೀ 945 ಎಂದರೆ 1264 ಅಂತ ಗೊತ್ತಾದ ಮೇಲೆ ಆ ಶಕೆಯ ಮೊದಲು ಸುಮಾರು 319 ಅಂತ ಸ್ಪಷ್ಟವಾಯಿತು. ಗುಪ್ತ ಶಕೆಯ ಆರಂಭವನ್ನು ಸ್ಥಾಪಿಸುವಾಗ ಫ್ಲೀಟ್ ಆಧರಿಸಿದ ದಾಖಲೆಗಳಲ್ಲಿ ಇದೂ ಒಂದು. ನಮ್ಮ ಕನ್ನಡ ಜಿಲ್ಲೆಗಳ ಅರಸು ಮನೆತನಗಳ ಚರಿತ್ರೆ ಬರೆದ ಅದೇ ಫ್ಲೀಟ್. ಒಬ್ಬ ಹೊರ್ಮುಜಿ ನಾವಿಕನ ಜಮೀನು ಪತ್ರ ಸಮುದ್ರಗುಪ್ತನ ಕಾಲ ಗೊತ್ತುಮಾಡೋದಕ್ಕೆ ನೆರವಾಯಿತು ಅಂದರೆ ಶಾಸನಶಾಸ್ತ್ರದ ದಾರಿಗಳು ಹೀಗೂ ಇರುತ್ತವೆ ನೋಡಿ.

ಇನ್ನು ಒಕ್ಕಣೆ. ಶಾಸನ ವಿಶ್ವನಾಥನಿಗೆ ನಮಸ್ಕಾರ ಹೇಳಿ ಶುರುವಾಗುತ್ತದೆ. ಅವನು ವಿಶ್ವರೂಪ, ಅವನೇ ಶೂನ್ಯರೂಪ, ಕಾಣುವವನೂ ಹೌದು, ಕಾಣದವನೂ ಹೌದು. ಮೊದಲ ನೋಟಕ್ಕೆ ಇದು ಶಿವಸ್ತುತಿ. ಆದರೆ ಮುಂದಿನ ಸಾಲಿನಲ್ಲೇ ರಸೂಲ್ ಮಹಮ್ಮದರನ್ನು ವಿಶ್ವನಾಥನಿಗೆ ಸೇರಿದ ಜನರ ಬೋಧಕ ಎಂದು ಕರೆದಿದೆ. ಅಂದರೆ ಇಲ್ಲಿ ವಿಶ್ವನಾಥ ಅನ್ನುವುದು ಅಲ್ಲಾಹನಿಗೆ ಇಟ್ಟ ಸಂಸ್ಕೃತ ಹೆಸರು. ರೂಪವಿಲ್ಲದ ದೇವರನ್ನು ಹೇಳಲು ಶೂನ್ಯರೂಪ ಎನ್ನುವ ಪದವನ್ನು ಆರಿಸಿದ ಕವಿ ಯಾರೋ, ಜಾಣ. ಶೈವನೂ ತಲೆದೂಗಬಹುದು, ಮುಸಲ್ಮಾನನಿಗೂ ತಕರಾರಿಲ್ಲ.

ಆಮೇಲೆ ಅಧಿಕಾರದ ಮೆಟ್ಟಿಲುಗಳು. ಮೇಲೆ ಅಣಹಿಲಪಾಟಕದಲ್ಲಿ ಮಹಾರಾಜಾಧಿರಾಜ ಅರ್ಜುನದೇವ. ಅವನು ವಾಘೇಲ ವಂಶದವನು, ಆದರೆ ಚೌಲುಕ್ಯ ಚಕ್ರವರ್ತಿ ಎಂಬ ಹಳೆಯ ಬಿರುದನ್ನು ಉಳಿಸಿಕೊಂಡಿದ್ದಾನೆ. ಕೆಳಗೆ ಮಹಾಮಾತ್ಯ ರಾಣಕ ಮಾಲದೇವ. ಅವನ ಕೆಳಗೆ ಸೋಮನಾಥ ಪಟ್ಟಣದ ಪಂಚಕುಲ. ಪಂಚಕುಲ ಅಂದರೆ ಊರಾಡಳಿತದ ಸಮಿತಿ. ನಮ್ಮ ಶಾಸನಗಳ ನಖರ, ಮಹಾಜನ, ಐವತ್ತೊಕ್ಕಲುಗಳನ್ನು ನೆನೆದುಕೊಂಡರೆ ಇದರ ಅಂದಾಜು ಸಿಗುತ್ತದೆ. ಆ ಸಮಿತಿಯ ಮುಖ್ಯಸ್ಥ ಯಾರು ಗೊತ್ತೆ? ಪಾಶುಪತಾಚಾರ್ಯ ಗಂಡ ಶ್ರೀ ಪರವೀರಭದ್ರ. ಸೋಮನಾಥ ದೇವಾಲಯದ ಪಾಶುಪತ ಗುರುವೇ. ಅವನ ಜೊತೆಗೆ ಅಭಯಸಿಂಹ ಮೊದಲಾದವರ ಹೆಸರು ಬರುತ್ತದೆ. ಈ ಮೆಟ್ಟಿಲುಗಳ ಪಕ್ಕದಲ್ಲೇ, ಯಾವ ಸಂಕೋಚವೂ ಇಲ್ಲದೆ, ಹೊರ್ಮುಜ್ ವೇಲಾಕೂಲದಲ್ಲಿ ಅಮೀರ ರುಕ್ನುದ್ದೀನನ ರಾಜ್ಯ ನಡೆಯುತ್ತಿರುವಾಗ ಅಂತ ಇನ್ನೊಬ್ಬ ದೊರೆಯ ಹೆಸರನ್ನೂ ಸೇರಿಸಿದ್ದಾರೆ. ವೇಲಾಕೂಲ ಅಂದರೆ ಬಂದರು. ಬಂದವನು ಎಲ್ಲಿಯ ಪ್ರಜೆ ಎನ್ನುವುದು ಪತ್ರದಲ್ಲಿ ದಾಖಲಾಗಬೇಕಲ್ಲ.

ಈ ನೋರದೀನ ಪಿರೋಜ (ಕಲ್ಲಿನ ಮೇಲಿರುವ ರೂಪ ಹೀಗೇ) ಏನೋ ಕಾರ್ಯನಿಮಿತ್ತ ಸೋಮನಾಥಕ್ಕೆ ಬಂದ. ಊರ ಹೊರಗೆ ಸೀಕೋತ್ತರಿ ಎಂಬಲ್ಲಿ ಒಂದು ನೆಲ ಪಡೆದ. ಗುಜರಾತಿನ ಕರಾವಳಿಯಲ್ಲಿ ಇವತ್ತಿಗೂ ಸಿಕೋತರ್ ಮಾತಾ ನಾವಿಕರ ದೇವತೆ. ಆ ಹೆಸರನ್ನು ಸೊಕೊಟ್ರ ದ್ವೀಪದ ಜೊತೆ ಜೋಡಿಸುವವರೂ ಇದ್ದಾರೆ. ಅಂತೂ ಜಾಗದ ಹೆಸರಲ್ಲೇ ಸಮುದ್ರದ ವಾಸನೆ ಇದೆ.

ನೆಲ ಬಂದದ್ದು ಛಾಡ ಎಂಬ ಸ್ಥಳೀಯ ಪ್ರಭುವಿನಿಂದ, ನಾನಸಿಂಹನ ಮಗ. ಬಂದದ್ದು ಹೇಗೆ ಎನ್ನುವಲ್ಲಿ ಸ್ವಲ್ಪ ನಿಲ್ಲಬೇಕಾಗ್ತದೆ. ಫಿರೋಜ್ ನೆಲ ಕೊಂಡ ಅಂತ ಸಾಮಾನ್ಯವಾಗಿ ಬರೆಯುತ್ತಾರೆ. ಶಾಸನ ಬಳಸುವ ಮಾತು ಸ್ಪರ್ಶನ ನ್ಯಾಯ. ಅಮರಕೋಶ ತೆರೆದರೆ ಸ್ಪರ್ಶನ ಎನ್ನುವುದು ದಾನದ ಪರ್ಯಾಯ ಪದಗಳ ಸಾಲಿನಲ್ಲಿದೆ. ಹಾಗಾದರೆ ಇದು ದಾನದ ವಿಧಿಯಲ್ಲಿ ಆದ ಹಸ್ತಾಂತರ. ಹಣ ಕೈ ಬದಲಾಯಿಸಿರಬಹುದು, ಆದರೆ ಕಾನೂನಿನ ರೂಪ ದಾನದ್ದು. ನಮ್ಮ ಶಾಸನಗಳಲ್ಲೂ ಕ್ರಯ ಕೊಟ್ಟ ಭೂಮಿಯನ್ನು ಧಾರೆ ಎರೆದು ಕೊಡುವುದನ್ನು ನೋಡುತ್ತೇವಲ್ಲ, ಅದೇ ರೀತಿ. ಜೊತೆಗೆ ಆ ನೆಲವನ್ನು ನವನಿಧಾನ ಸಹಿತವಾಗಿ, ಇಷ್ಟ ಬಂದ ಹಾಗೆ ಬಳಸಿಕೊಳ್ಳುವ ಹಕ್ಕಿನೊಂದಿಗೆ ಪಡೆದ ಎಂದಿದೆ. ವಿಜಯನಗರ ಕಾಲದ ದಾನಪತ್ರಗಳ ನಿಧಿ, ನಿಕ್ಷೇಪ, ಜಲ, ಪಾಷಾಣ ಎಂಬ ಅಷ್ಟಭೋಗದ ಪಟ್ಟಿ ಓದಿದವರಿಗೆ ಇದು ಅಪರಿಚಿತ ಭಾಷೆಯಲ್ಲ. ಪರದೇಶಿಗೆ ಅಂತ ಬೇರೆ ನಮೂನೆಯ ಪತ್ರ ಮಾಡಲಿಲ್ಲ. ಊರಿನ ಬ್ರಾಹ್ಮಣನಿಗೋ ಗುಡಿಗೋ ಮಾಡುವ ಒಕ್ಕಣೆಯಲ್ಲೇ ಮಾಡಿದರು. ಪಾಲುಗಿದೇವ, ಸೋಮೇಶ್ವರದೇವ, ರಾಮದೇವ, ಭೀಮಸಿಂಹ ಮುಂತಾದ ಬೃಹತ್ಪುರುಷರ ಸಮಕ್ಷಮದಲ್ಲಿ, ಅಲ್ಲಿನ ಮುಸಲ್ಮಾನ ಜಮಾತಿನ ಸಮಕ್ಷಮದಲ್ಲಿ ಇದು ನಡೆಯಿತು. ಛಾಡನನ್ನು ಫಿರೋಜನ ಧರ್ಮಬಾಂಧವ ಎಂದು ಕರೆದಿದೆ.

ಆ ನೆಲದಲ್ಲಿ ಫಿರೋಜ್ ಕಟ್ಟಿಸಿದ್ದು ಪೂರ್ವಾಭಿಮುಖವಾದ ಮಿಜಿಗಿತಿ. ಮಸ್ಜಿದ್ ಎನ್ನುವುದು ಸಂಸ್ಕೃತದ ಬಾಯಲ್ಲಿ ಹೀಗಾಗಿದೆ. ಮೆಕ್ಕಾ ಪಶ್ಚಿಮಕ್ಕಿರುವುದರಿಂದ ಬಾಗಿಲು ಪೂರ್ವಕ್ಕೆ. ಪೂರ್ವಾಭಿಮುಖ ದೇವಾಲಯ ನೋಡಿದವರಿಗೆ ಇದೂ ಸಹಜವಾಗಿಯೇ ಕಂಡಿರಬೇಕು.

ಕಟ್ಟುವುದು ಸುಲಭ, ನಡೆಸಿಕೊಂಡು ಹೋಗುವುದು ಕಷ್ಟ. ಹಡಗಿನವನು ಗಾಳಿ ತಿರುಗಿದಾಗ ಹೊರಟೇಬಿಡುತ್ತಾನೆ. ಅವನು ಹೋದ ಮೇಲೆ ದೀಪಕ್ಕೆ ಎಣ್ಣೆ ಹಾಕುವವರು ಯಾರು? ಈ ಶಾಸನದ ನಿಜವಾದ ತಿರುಳು ಇರುವುದು ಇಲ್ಲಿ ಅಂತ ನನ್ನ ಅಭಿಪ್ರಾಯ. ದೀಪದ ಎಣ್ಣೆ, ನೀರು, ನಮಾಜು ಮಾಡಿಸುವವನು, ಬಾಂಗು ಕೂಗುವವನು, ತಿಂಗಳ ಪಾಠಕ, ನಾವಿಕರ ರೂಢಿಯಂತೆ ಬರಾತ್ ರಾತ್ರಿ ಮತ್ತು ಖತಮ್ ರಾತ್ರಿಯ ವಿಶೇಷ ಆಚರಣೆ, ವರ್ಷಕ್ಕೊಮ್ಮೆ ಸುಣ್ಣ, ಒಡಕು ಮುರುಕು ರಿಪೇರಿ, ಹೀಗೆ ಒಂದೊಂದು ಖರ್ಚನ್ನೂ ಲೆಕ್ಕ ಹಾಕಿದ್ದಾರೆ. ಅದಕ್ಕೆ ಆದಾಯದ ಮೂಲಗಳನ್ನೂ ಬಿಟ್ಟಿದ್ದಾರೆ: ಬಕುಲೇಶ್ವರ ದೇವರಿಗೆ ಸೇರಿದ್ದ ಒಂದು ಆವರಣ, ಅದರೊಳಗಿನ ಹೆಂಚಿನ ಮತ್ತು ಹುಲ್ಲಿನ ಮನೆಗಳು, ಒಂದು ಎಣ್ಣೆ ಗಾಣ, ಮಸೀದಿಯ ಎದುರಿಗಿರುವ ಎರಡು ಅಂಗಡಿಗಳು. ದೇವಸ್ಥಾನದ ಆಸ್ತಿ ಮಸೀದಿಯ ಖರ್ಚಿಗೆ ಹೋಗಿದೆ, ಅದೂ ಆ ಊರಿನ ಪಾಶುಪತ ಗುರು ಅಧ್ಯಕ್ಷನಾಗಿದ್ದ ಪಂಚಕುಲದ ಕಣ್ಣೆದುರು. ಖರ್ಚು ಕಳೆದು ಮಿಕ್ಕಿದ್ದು ಮಖಾ ಮದೀನಾ ಧರ್ಮಸ್ಥಾನಕ್ಕೆ ಕಳಿಸಬೇಕು. ಮಿಕ್ಕೀತು ಎನ್ನುವ ಭರವಸೆ ಇತ್ತು ಅಂತಾಯಿತು.

ನೋಡಿಕೊಳ್ಳುವ ಹೊಣೆಯನ್ನು ಒಬ್ಬರಿಗೆ ಕೊಡಲಿಲ್ಲ, ಜಮಾತುಗಳಿಗೆ ಕೊಟ್ಟರು. ಹಡಗಿನೊಡೆಯರ ಮತ್ತು ನಾವಿಕರ ಜಮಾತು, ಬಂದರಿನ ಜನರ ಜಮಾತು, ಸುಣ್ಣಗಾರರ ಜಮಾತು ಅಂತ ಹೆಸರಿಸಿದ್ದಾರೆ. ಸುಣ್ಣಗಾರರು ಇದರಲ್ಲಿ ಇರುವುದನ್ನು ಗಮನಿಸಿ. ಫಿರೋಜ್ ಬರುವ ಮೊದಲೇ ಸೋಮನಾಥದಲ್ಲಿ ನೆಲೆ ನಿಂತ, ಕೈಕೆಲಸದ ಮುಸಲ್ಮಾನರು ಇದ್ದರು ಅನ್ನೋದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಶ್ರೀಮಂತ ವರ್ತಕನ ಕತೆ ಹೇಳುವಾಗ ನಾವು ಇವರನ್ನು ಮರೆತುಬಿಡುತ್ತೇವೆ.

ಇನ್ನು ಅರಬ್ಬಿ ಪಾಠ. ಅದರ ತೇದಿ ಹಿಜರಿ 662ರ ರಂಜಾನ್ 27, ಅಂದರೆ 1264ರ ಜುಲೈ 23. ಸಂಸ್ಕೃತ ಪತ್ರವಾಗಿ ಎರಡು ತಿಂಗಳಾಗಿತ್ತು. ಸಂಸ್ಕೃತದಲ್ಲಿರುವಷ್ಟು ಜಮೀನು ವ್ಯವಹಾರದ ವಿವರ ಅಲ್ಲಿಲ್ಲ. ಹೊರ್ಮುಜಿನ ದೊರೆಗೂ ಫಿರೋಜನಿಗೂ ಉದ್ದುದ್ದ ಬಿರುದುಗಳಿವೆ. ಮತ್ತು ಒಂದು ಪ್ರಾರ್ಥನೆಯಿದೆ: ಸೋಮನಾಥವನ್ನು ದೇವರು ಇಸ್ಲಾಮಿನ ನಗರಗಳಲ್ಲಿ ಒಂದಾಗಿ ಮಾಡಲಿ, ಅಲ್ಲಿಂದ ವಿಗ್ರಹಗಳು ತೊಲಗಲಿ ಎಂಬ ಅರ್ಥದ್ದು.

ಈ ಸಾಲಿನ ಮುಂದೆ ಎಷ್ಟೋ ಜನ ಮುಗ್ಗರಿಸುತ್ತಾರೆ. ಶಾಸನವನ್ನು ಸೌಹಾರ್ದಕ್ಕೆ ಉದಾಹರಣೆ ಮಾಡುವವರು ಸಂಸ್ಕೃತವನ್ನಷ್ಟೇ ಓದುತ್ತಾರೆ, ಅರಬ್ಬಿಯನ್ನು ಹಾರಿಸುತ್ತಾರೆ. ಇನ್ನೊಂದು ಕಡೆಯವರು ಅರಬ್ಬಿಯ ಆ ಒಂದು ಸಾಲನ್ನು ಎತ್ತಿ ತೋರಿಸಿ, ನೋಡಿ ಒಳಗಿನ ಬಣ್ಣ ಅಂತಾರೆ. ಎರಡೂ ಒಬ್ಬನೇ ಮನುಷ್ಯ ಕೆತ್ತಿಸಿದ್ದು. ಆದರೆ ಎರಡರ ಕೆಲಸ ಬೇರೆ. ಅರಬ್ಬಿ ಪಾಠ ದೇವರಿಗೂ ತನ್ನವರಿಗೂ ಹೇಳಿಕೊಂಡ ಮಾತು. ಸಂಸ್ಕೃತ ಪಾಠ ಊರಿಗೆ ಬರೆದುಕೊಟ್ಟ ಪತ್ರ; ನಾಳೆ ಜಗಳ ಬಂದರೆ ಪಂಚಕುಲದ ಮುಂದೆ ಹಿಡಿಯಬೇಕಾದದ್ದು ಅದನ್ನೇ. ಫಿರೋಜ್ ಮನಸ್ಸಿನಲ್ಲಿ ಏನು ಹಾರೈಸುತ್ತಿದ್ದ ಅಂತ ಛಾಡ ಕೇಳಿರಲಾರ, ಪರವೀರಭದ್ರನೂ ಕೇಳಿರಲಾರ. ನೆಲ ಯಾರದು, ಗಾಣದ ಎಣ್ಣೆ ಎಲ್ಲಿಗೆ, ಸಾಕ್ಷಿ ಯಾರು ಅಂತ ಕೇಳಿದರು. ಸಮುದ್ರ ವ್ಯಾಪಾರ ನಿಂತಿದ್ದು ಇಂಥ ಪ್ರಶ್ನೆಗಳ ಮೇಲೆ. ಆ ಪ್ರಾರ್ಥನೆಯನ್ನು ಮುಚ್ಚಿಡುವ ಅಗತ್ಯವೂ ಇಲ್ಲ, ಅದರ ಬಲದಿಂದ ಕರಾರನ್ನು ಅಳಿಸಿಹಾಕುವ ಅಗತ್ಯವೂ ಇಲ್ಲ.

ಮಿಜಿಗಿತಿ ಎಂಬ ಪದ ನಮ್ಮ ಓದುಗರಿಗೆ ಹೊಸದಲ್ಲದೆ ಇರಬಹುದು. ಇದಕ್ಕೆ ಇನ್ನೂರು ವರ್ಷ ಹಿಂದೆ, 11ನೆಯ ಶತಮಾನದಲ್ಲಿ, ಗೋವೆ ಕದಂಬರ ಒಂದನೆಯ ಜಯಕೇಶಿಯ ತಾಮ್ರಪಟಗಳಲ್ಲಿ ಇದೇ ಪದ ಬರುತ್ತದೆ. ಕತೆ ಸ್ವಾರಸ್ಯವಾಗಿದೆ. ಜಯಕೇಶಿಯ ಪೂರ್ವಜ ಗುಹಲ್ಲದೇವ ಹಡಗೇರಿ ಯಾತ್ರೆಗೆ ಹೊರಟಿದ್ದು ಇದೇ ಸೋಮನಾಥಕ್ಕೆ. ದಾರಿಯಲ್ಲಿ ಕೂವೆಮರ ಮುರಿದು ಗೋಪಕಪಟ್ಟಣದಲ್ಲಿ ಆಸರೆ ಪಡೆಯಬೇಕಾಯಿತು. ಅಲ್ಲಿ ನೆರವಾದವನು ತಾಜಿಕ ವಂಶದ ಮದುಮದ ಎಂಬ ನೌವಿತ್ತಕ, ಅಂದರೆ ಅರಬ್ ಮೂಲದ ಹಡಗಿನೊಡೆಯ. ಅವನ ಮೊಮ್ಮಗ ಜಯಕೇಶಿಯ ಕೈಕೆಳಗೆ ಅಧಿಕಾರಿಯಾಗಿ ಗೋವೆಯಲ್ಲಿ ಮಿಜಿಗಿತಿ ಕಟ್ಟಿದ. ಅದರ ಖರ್ಚಿಗೆ ಬಂದರಿಗೆ ಬರುವ ಹಡಗುಗಳ ಮೇಲೆ ಸುಂಕ ಗೊತ್ತುಮಾಡಿದರು. ಅಲ್ಲಿ ಹಡಗಿನ ಸುಂಕ, ಇಲ್ಲಿ ಗಾಣ ಮತ್ತು ಅಂಗಡಿ. ವ್ಯತ್ಯಾಸವೆಂದರೆ ಗೋವೆಯ ತಾಜಿಕರು ಆಗಲೇ ಆ ನಾಡಿನ ಅಧಿಕಾರಿಗಳಾಗಿದ್ದರು. ಫಿರೋಜನಿಗೆ ಸೋಮನಾಥದಲ್ಲಿ ಯಾವ ಅಧಿಕಾರವೂ ಇರಲಿಲ್ಲ. ಅದಕ್ಕೇ ಅವನ ಪತ್ರದಲ್ಲಿ ಅಷ್ಟು ಸಾಕ್ಷಿಗಳು, ಅಷ್ಟು ಹೆಸರುಗಳು.

ಶಾಸನದ ಕೊನೆಯಲ್ಲಿ ಶಾಪಾಶಯವಿದೆ. ನಮ್ಮಲ್ಲಿ ವಾರಣಾಸಿಯಲ್ಲಿ ಕವಿಲೆ ಕೊಂದ ಪಾಪ ಅಂತ ಬರುವ ಕಡೆ, ಇಲ್ಲಿ ಈ ಧರ್ಮಸ್ಥಾನವನ್ನಾಗಲಿ ಅದರ ಆದಾಯವನ್ನಾಗಲಿ ಕೆಡಿಸಿದವನು ಪಂಚಮಹಾಪಾತಕದ ದೋಷಕ್ಕೆ ಗುರಿಯಾಗಿ ನರಕಕ್ಕೆ ಹೋಗುತ್ತಾನೆ ಎಂದಿದೆ. ಬ್ರಹ್ಮಹತ್ಯೆ, ಸುರಾಪಾನ ಮೊದಲಾದ ಧರ್ಮಶಾಸ್ತ್ರದ ಐದು ಪಾತಕಗಳೇ ಮಸೀದಿಗೆ ಕಾವಲು ನಿಂತಿವೆ. ಕಲ್ಲು ಮಾತ್ರ ತನ್ನ ಜಾಗದಲ್ಲಿ ಉಳಿಯಲಿಲ್ಲ. ವಿದ್ವಾಂಸರ ಕಣ್ಣಿಗೆ ಅದು ಬಿದ್ದಿದ್ದು ವೆರಾವಳದ ಹರ್ಸತ ಮಾತೆಯ ಗುಡಿಯಲ್ಲಿ.