ಕೆಲಸ ಹುಡುಕಿ ಹೊರಟವನು ಕಡಲು ಹಿಡಿದ

ಸಂಜೆ ಹೊತ್ತು ಮುಂಬೈನ ಚೌಪಾಟಿಯಲ್ಲೋ ಚೆನ್ನೈನ ಮರೀನಾದಲ್ಲೋ ಕಡಲೆಕಾಯಿ ತಿನ್ನುತ್ತಾ ಕೂರುವ ನಮ್ಮ ಕೇಳುಗರು ಬಹಳ. ಸುಮಾರು ತೊಂಬತ್ತು ವರ್ಷಗಳ ಹಿಂದೆ ಇದೇ ಕರಾವಳಿಗಳ ಗುಂಟ ಒಬ್ಬ ಜರ್ಮನ್ ಯುವಕ ಪುಟ್ಟ ದೋಣಿಯಲ್ಲಿ ಒಬ್ಬನೇ ಹುಟ್ಟು ಹಾಕುತ್ತಾ ಹಾದುಹೋದ. ಹೆಸರು ಆಸ್ಕರ್ ಸ್ಪೆಕ್.

ಅವನ ದೋಣಿ ಕಯಾಕ್. ಕೂರಲು ಒಂದು ಕಿಂಡಿ, ಎರಡೂ ತುದಿಗೆ ಹಲಗೆಯಿರುವ ಒಂದು ಹುಟ್ಟು, ಇಷ್ಟೇ. ಉತ್ತರ ಧ್ರುವದ ಆಸುಪಾಸಿನ ಇನ್ಯೂಟ್ ಜನ ಸಾವಿರಾರು ವರ್ಷಗಳಿಂದ ಇದನ್ನು ಕಟ್ಟುತ್ತಾ ಬಂದವರು. ಮರ ಬೆಳೆಯದ ಆ ನಾಡಿನಲ್ಲಿ ತೇಲಿಬಂದ ಕಟ್ಟಿಗೆಯಿಂದ ಹಂದರ ಮಾಡಿ, ಸೀಲ್ ಚರ್ಮ ಹೊದಿಸಿ ಹೊಲಿಯುತ್ತಿದ್ದರು. ಅವರಿಗೆ ಅದು ವಿಹಾರವಲ್ಲ, ಬೇಟೆಯ ಸಾಧನ, ಹೊಟ್ಟೆಪಾಡು. ಅದೇ ಮಾದರಿಯನ್ನು 1905ರಲ್ಲಿ ಮ್ಯೂನಿಕ್‌ನ ವಿದ್ಯಾರ್ಥಿ ಆಲ್‌ಫ್ರೆಡ್ ಹಾಯ್‌ರಿಖ್ ಮಡಚಿ ಚೀಲದಲ್ಲಿ ತುಂಬುವಂತೆ ಮಾಡಿದ. ರೈಲಿನಲ್ಲಿ ಒಯ್ದು ಬೇಕಾದ ನದಿಯಲ್ಲಿ ಇಳಿಸಬಹುದಾದ ಈ ದೋಣಿಗೆ ಜರ್ಮನಿಯ ಜನ ಮರುಳಾದರು.

ಸ್ಪೆಕ್ ಸಾಹಸಕ್ಕೆಂದು ಹೊರಟವನಲ್ಲ. ಹ್ಯಾಂಬರ್ಗ್ ಕಡೆಯ ಈತ ಎಲೆಕ್ಟ್ರಿಕಲ್ ಗುತ್ತಿಗೆ ಕೆಲಸ ಮಾಡುತ್ತಿದ್ದ. 1929ರ ನಂತರದ ಆರ್ಥಿಕ ಕುಸಿತದಲ್ಲಿ ಕೆಲಸ ಹೋಯಿತು. ಸೈಪ್ರಸ್ ದ್ವೀಪದ ತಾಮ್ರದ ಗಣಿಯಲ್ಲಿ ಕೂಲಿ ಸಿಕ್ಕೀತು ಎಂಬ ಆಸೆಯಿಂದ 1932ರ ಮೇ ತಿಂಗಳಲ್ಲಿ ಉಲ್ಮ್ ಪಟ್ಟಣದ ಬಳಿ ಡ್ಯಾನ್ಯೂಬ್ ನದಿಗೆ ದೋಣಿ ಇಳಿಸಿದ. ಆಗ ವಯಸ್ಸು ಇಪ್ಪತ್ತೈದು. ಈಜು ಬರುತ್ತಿರಲಿಲ್ಲ ಎಂದೂ ಹೇಳುತ್ತಾರೆ!

ಸೈಪ್ರಸ್ ತಲುಪುವ ಹೊತ್ತಿಗೆ ಗಣಿಯ ಯೋಚನೆ ಹಿಂದೆ ಬಿದ್ದಿತ್ತು. ಮುಂದೆ ಹೋಗಬೇಕು, ಆಸ್ಟ್ರೇಲಿಯಾ ಮುಟ್ಟಬೇಕು ಎಂಬ ಹಟ ಹಿಡಿಯಿತು. ಸಿರಿಯಾಕ್ಕೆ ದಾಟಿ, ಯೂಫ್ರಟಿಸ್ ನದಿಯಲ್ಲಿ ಇಳಿದು, ಪರ್ಷಿಯನ್ ಕೊಲ್ಲಿಯ ಬಿಸಿಲುಂಡು, ಮಲೇರಿಯಾ ಜ್ವರದಲ್ಲಿ ನರಳಿ ಭಾರತದ ಕಡಲಿಗೆ ಬಂದ. ನಮ್ಮ ಪಶ್ಚಿಮ ಕರಾವಳಿಯ ಗುಂಟ ತೆಂಕಣಕ್ಕೆ ಇಳಿದ. ಅಂದರೆ ಕಾರವಾರ, ಮಂಗಳೂರುಗಳ ಕಡಲೂ ಅವನ ದಾರಿಯಲ್ಲೇ ಬಿತ್ತು. 1935ರಲ್ಲಿ ಸಿಲೋನ್ ಮುಟ್ಟಿದ. ಅಲ್ಲಿಂದ ಪೂರ್ವ ಕರಾವಳಿ ಹಿಡಿದು ಬರ್ಮಾದತ್ತ ಸಾಗಿದ.

ಕಯಾಕ್‌ನಲ್ಲಿ ದಿನಗಟ್ಟಲೆ ಸಾಗುವುದು ಹೇಗೆ ಎಂದು ನೀವು ಕೇಳಬಹುದು. ಸ್ಪೆಕ್‌ನ ದೋಣಿ ಸುಮಾರು 18 ಅಡಿ ಉದ್ದ. ಕಾಲಿನಿಂದ ತಿರುಗಿಸುವ ಚುಕ್ಕಾಣಿ, ಗಾಳಿ ಬಂದಾಗ ಏರಿಸಲು ಒಂದು ಸಣ್ಣ ಹಾಯಿ. ಡಬ್ಬಿಯ ಆಹಾರ, ಕುಡಿಯುವ ನೀರು, ಕ್ಯಾಮೆರಾ, ಬಟ್ಟೆ ಎಲ್ಲವೂ ಕಾಲ ಬದಿಯ ಇಕ್ಕಟ್ಟಿನಲ್ಲೇ. ಚುಕ್ಕಾಣಿ ಬಿಟ್ಟರೆ ದೋಣಿ ಅಲೆಗೆ ಅಡ್ಡವಾಗಿ ಮಗುಚುತ್ತದೆ. ಹಾಗಾಗಿ ನಿದ್ದೆಗೆ ದಡಕ್ಕೇ ಬರಬೇಕು. ಆಳ ಕಡಲಿಗಿಂತ ಅಲೆ ಒಡೆಯುವ ದಂಡೆಯೇ ಹೆಚ್ಚು ಅಪಾಯ. ಮಳೆಗಾಲದಲ್ಲಿ ನಮ್ಮ ಮೊಗವೀರರೇ ದೋಣಿಯನ್ನು ದಡಕ್ಕೆ ಎಳೆದಿಡುತ್ತಾರೆ. ಇನ್ನು ಕ್ಯಾನ್ವಾಸು, ರಬ್ಬರಿನ ಈ ದೋಣಿಯ ಪಾಡೇನು? ಸ್ಪೆಕ್ ದಾರಿಯಲ್ಲಿ ಹಲವು ಸಲ ದೋಣಿಯನ್ನೇ ಬದಲಾಯಿಸಬೇಕಾಯಿತು.

ದಡಕ್ಕೆ ಬಂದಾಗ ಎದುರಾಗುತ್ತಿದ್ದವರು ಜನ. ಎಷ್ಟೋ ಕಡೆ ಊಟ, ನೀರು, ಮಲಗಲು ಜಾಗ ಕೊಟ್ಟರು. ಕೆಲವೆಡೆ ದೋಣಿ ಕದ್ದರು. ಡಚ್ಚರ ಆಳ್ವಿಕೆಯಲ್ಲಿದ್ದ ಲಾಕೋರ್ ದ್ವೀಪದಲ್ಲಿ ಅವನನ್ನು ಕಟ್ಟಿಹಾಕಿ ಹೊಡೆದರು, ಕಿವಿಯ ತಮಟೆ ಹರಿಯಿತು. ಹೇಗೋ ಕಟ್ಟು ಬಿಡಿಸಿಕೊಂಡು ಮತ್ತೆ ದೋಣಿ ಹತ್ತಿದ. ಗಾಯ ಮಾಗಿದ ಮೇಲೆ ನ್ಯೂಗಿನಿಯ ಉತ್ತರ ಕರಾವಳಿ ಸುತ್ತಿ ಮುಂದೆ ನಡೆದ.

1939ರ ಸೆಪ್ಟೆಂಬರ್‌ನಲ್ಲಿ ಆಸ್ಟ್ರೇಲಿಯಾಕ್ಕೆ ಸೇರಿದ ಸಾಯ್‌ಬಾಯ್ ದ್ವೀಪದ ದಡ ಮುಟ್ಟಿದ. ಏಳು ವರ್ಷ ನಾಲ್ಕು ತಿಂಗಳು, ಸುಮಾರು 50,000 ಕಿಲೋಮೀಟರ್. ಆದರೆ ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಶುರುವಾಗಿತ್ತು. ದೋಣಿಯ ಮೂತಿಯಲ್ಲಿ ಸ್ವಸ್ತಿಕದ ಪುಟ್ಟ ಬಾವುಟ ಬೇರೆ. ದಡದಲ್ಲಿ ನಿಂತಿದ್ದ ಮೂವರು ಪೊಲೀಸರು ಮೊದಲು ಅಭಿನಂದಿಸಿದರು, ಆಮೇಲೆ ಶತ್ರುದೇಶದವನೆಂದು ಬಂಧಿಸಿದರು. ಯುದ್ಧ ಮುಗಿಯುವ ತನಕ ಸೆರೆಶಿಬಿರವೇ ಮನೆ. ನಡುವೆ ಒಮ್ಮೆ ತಪ್ಪಿಸಿಕೊಂಡು ಸಿಕ್ಕಿಬಿದ್ದದ್ದೂ ಉಂಟು. ಬಿಡುಗಡೆಯಾದ ಮೇಲೆ ಆಸ್ಟ್ರೇಲಿಯಾದಲ್ಲೇ ಉಳಿದು ಓಪಲ್ ಹರಳಿನ ವ್ಯಾಪಾರದಲ್ಲಿ ನೆಲೆ ಕಂಡುಕೊಂಡ. ಅವನ ಪ್ರಯಾಣದ ಚಿತ್ರಗಳು, ದಾಖಲೆಗಳು ಸಿಡ್ನಿಯ ರಾಷ್ಟ್ರೀಯ ಕಡಲ ವಸ್ತುಸಂಗ್ರಹಾಲಯದಲ್ಲಿವೆ.

2011ರಿಂದ 2016ರವರೆಗೆ ಆಸ್ಟ್ರೇಲಿಯಾದ ಸ್ಯಾಂಡಿ ರಾಬ್ಸನ್ ಎಂಬ ಮಹಿಳೆ ಹಂತಹಂತವಾಗಿ ಇದೇ ದಾರಿಯಲ್ಲಿ ಕಯಾಕ್ ನಡೆಸಿ ಸಾಯ್‌ಬಾಯ್ ತಲುಪಿದರು. ಈಕೆಯ ದೋಣಿ, ಸಲಕರಣೆ ಎಲ್ಲವೂ ಸ್ಪೆಕ್‌ನದಕ್ಕಿಂತ ಎಷ್ಟೋ ಮೇಲು. ಆದರೂ ಸಿರಿಯಾ, ಇರಾಕ್‌ಗಳನ್ನು ಬಿಟ್ಟೇ ಹೋಗಬೇಕಾಯಿತು. ಅಲ್ಲಿ ಆಗ ಯುದ್ಧ. ದೋಣಿ ಸುಧಾರಿಸಿದರೂ ದಾರಿ ಕಿರಿದಾಗಿತ್ತು.

ಕೆಲಸಕ್ಕೆಂದು ಊರು ಬಿಟ್ಟು ಬಂದ ನಮಗೆ ಸ್ಪೆಕ್‌ನ ಕತೆ ತೀರ ದೂರದ್ದೇನಲ್ಲ. ನಾಲ್ಕು ಕಾಸು ಕೂಡಿಸಿ ಹಿಂದಿರುಗೋಣ ಎಂದೇ ನಾವೂ ಹೊರಟಿದ್ದೆವು. ನೆಲೆ ನಿಂತದ್ದು ಇನ್ನೆಲ್ಲೋ. ಮುಂದಿನ ಸಲ ಕಡಲ ದಂಡೆಗೆ ಹೋದಾಗ ಒಂದು ಗಳಿಗೆ ಆ ಒಂಟಿ ದೋಣಿಯನ್ನೂ ನೆನೆಯಿರಿ.